ಸುದ್ದಿ ಸೋಸುವ ಪೇಪರಕ್ಕ

ಬೆಳಗಿನ ಆರೂಕಾಲು. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ನೆಲಮಹಡಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ, ಅದು ನೌಕರರ ವಾಚನಾಲಯ. ಒಳಗೆ ಐವತ್ತಾರು ವರ್ಷದ ಅಟೆಂಡರ್ ಒಬ್ಬರು ಪತ್ರಿಕೆ ಕಟ್ಟಿನ ಗಂಟನ್ನು ಉಗುರಿನಿಂದ ಬಿಚ್ಚುತ್ತಿದ್ದಾರೆ. ಹಾಳೆ ಚದುರದಂತೆ ಮಡಿಕೆಗೆ ಎರಡು ಪಿನ್ನು ಹೊಡೆದು, ಇಳಿಜಾರು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರುತ್ತಾರೆ. ಕುಲಪತಿಗಳ ಚಾಲಕನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು ಪೇಪರಕ್ಕ.

ಇಪ್ಪತ್ತೇಳು ವರ್ಷದಿಂದ ಇದೇ ಕೆಲಸ. ಸೇರಿದಾಗ ದಿನಕ್ಕೆ ಹನ್ನೊಂದು ಪತ್ರಿಕೆ ಬರುತ್ತಿದ್ದವು. ಹತ್ತು ಗಂಟೆಗೆ ಗುಮಾಸ್ತರು ಮುಗಿಬಿದ್ದು ಹಾಳೆ ಹಂಚಿಕೊಳ್ಳುತ್ತಿದ್ದರು. “ಪದಬಂಧ ಮಾತ್ರ ಯಾರೋ ಮೊದಲೇ ತುಂಬಿಬಿಡ್ತಿದ್ರು. ಯಾರು ಅಂತ ನಾನು ಹೇಳಲ್ಲಪ್ಪ,” ಎಂದು ನಗುತ್ತಾರೆ. ಈಗ ಬರುವುದು ಎರಡೇ ಪತ್ರಿಕೆ. ಓದುಗರು ಐದಾರು ಮಂದಿ, ಅವರಲ್ಲೂ ಇಬ್ಬರು ಫ್ಯಾನಿನ ಗಾಳಿಗೆ ಬರುವವರು. ಉಳಿದವರ ಸುದ್ದಿಯೆಲ್ಲ ಮೊಬೈಲಿನಲ್ಲೇ ಮುಗಿದಿರುತ್ತದೆ.

ಹಾಗೆಂದು ಪೇಪರಕ್ಕನಿಗೆ ಪುರುಸೊತ್ತಿಲ್ಲ. ದಿನಕ್ಕೆ ಇಪ್ಪತ್ತೈದು ಮೂವತ್ತು ಕರೆಗಳು. “ಅಕ್ಕಾ, ಗ್ರೂಪಲ್ಲಿ ಹೀಗೆ ಬಂದಿದೆ, ನಿಜಾನಾ?” ಅವರು ಕನ್ನಡಕ ಏರಿಸಿ ಎರಡೂ ಪತ್ರಿಕೆ ತಿರುವಿಹಾಕುತ್ತಾರೆ. ಎರಡರಲ್ಲೂ ಇದ್ದರೆ ಓದಿ ಹೇಳುತ್ತಾರೆ. ಇಲ್ಲದಿದ್ದರೆ, “ಮುಂದಕ್ಕೆ ಕಳಿಸ್ಬೇಡಿ, ಸುಮ್ನಿರಿ.”

ಈ ಎಚ್ಚರ ಹುಟ್ಟಿದ್ದು ಅವರದೇ ತಪ್ಪಿನಿಂದ. ಮೂರು ವರ್ಷದ ಹಿಂದೆ ಸೊಸೆ ಹೊಸ ಫೋನ್ ಕೊಡಿಸಿದಳು. “ಬಂದಿದ್ದನ್ನೆಲ್ಲ ಕಳಿಸೋದೇ ಒಂದು ಸಡಗರ ಆಗಿತ್ತು ನಂಗೆ.” ಒಂದು ಶುಕ್ರವಾರ ‘ನಾಳೆ ರಜೆ’ ಎಂಬ ಸಂದೇಶವನ್ನು ನೌಕರರ ಗ್ರೂಪಿಗೆ ದಾಟಿಸಿದರು. ಪೇಪರಕ್ಕ ಕಳಿಸಿದರೆಂದರೆ ಪೇಪರಿನಲ್ಲೇ ಬಂದಂತೆ. ಮರುದಿನ ಒಂಬತ್ತು ಜನ ಗೈರುಹಾಜರಾದರು. ಅವರಲ್ಲೊಬ್ಬಳು ಕಸ ಗುಡಿಸುವ ಹಂಗಾಮಿ ಕೆಲಸದವಳು. ಅವಳನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ ಪೇಪರಕ್ಕ ಮೇಲ್ವಿಚಾರಕರ ಮುಂದೆ ಹೋಗಿ ನಿಂತರು: “ತಪ್ಪು ನಂದು. ಬರೆಯೋದಿದ್ರೆ ನನ್ನ ಹೆಸರು ಬರೀರಿ.” ಆ ಹೆಣ್ಣುಮಗಳು ಇಂದಿಗೂ ಅದೇ ಕಾರಿಡಾರು ಗುಡಿಸುತ್ತಾಳೆ. “ಅಕ್ಕ ಅವತ್ತು ತಮ್ಮ ಪಾಡಿಗೆ ಸುಮ್ನಿರಬಹುದಿತ್ತು. ನನ್ನ ಪಕ್ಕ ಬಂದು ನಿಂತ್ರು. ಸಾಯೋವರೆಗೂ ಮರೆಯಲ್ಲ,” ಎನ್ನುತ್ತಾಳೆ.

ಕಳೆದ ತಿಂಗಳು ಕಚೇರಿಯಿಂದ ಟಿಪ್ಪಣಿ ಬಂತು: ಓದುಗರಿಲ್ಲದ ಕಾರಣ ಈಗಿನ ಚಂದಾ ಮುಗಿದ ಮೇಲೆ ಒಂದೇ ಪತ್ರಿಕೆ ಸಾಕು. ಇಷ್ಟು ವರ್ಷದಲ್ಲಿ ತನಗಾಗಿ ಏನನ್ನೂ ಕೇಳದ ಪೇಪರಕ್ಕ ಮೊದಲ ಸಲ ಕುಲಸಚಿವರ ಬಾಗಿಲು ತಟ್ಟಿದರು.

“ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲಮ್ಮ, ಒಂದು ಸಾಲ್ದಾ?”

“ಒಂದು ಹೇಳಿದ್ದು ಸರೀನಾ ಅಂತ ನೋಡೋಕೆ ಇನ್ನೊಂದು ಬೇಕಲ್ಲ ಸಾರ್. ಒಂದೇ ಇದ್ರೆ ನಾನೂ ಮತ್ತೆ ಬರೀ ಕಳಿಸೋಳೇ ಆಗ್ಬಿಡ್ತೀನಿ.”

ನೋಡೋಣ ಎಂದಷ್ಟೇ ಹೇಳಿ ಅವರು ಕಡತಕ್ಕೆ ತಲೆ ಬಗ್ಗಿಸಿದರು.

ಹೋದ ಮಂಗಳವಾರ ಬೆಳಿಗ್ಗೆ ಏಳಕ್ಕೆ ವಾಚನಾಲಯಕ್ಕೆ ಕುಲಸಚಿವರದೇ ಕರೆ. ನಿವೃತ್ತಿ ವಯಸ್ಸು ಎರಡು ವರ್ಷ ಇಳಿಯಿತೆಂಬ ಸಂದೇಶ ಎಲ್ಲೆಡೆ ಹರಿದಾಡಿ, ಅವರ ಫೋನಿಗೆ ಬಿಡುವೇ ಇರಲಿಲ್ಲ. ಪೇಪರಕ್ಕ ಕೊನೆಯ ಪುಟದವರೆಗೂ ಬೆರಳಿಟ್ಟು ಹುಡುಕಿದರು. “ಎರಡರಲ್ಲೂ ಇಲ್ಲ ಸಾರ್. ಆರಾಮಾಗಿ ತಿಂಡಿ ತಿನ್ನಿ.”

ಅಂದು ಸಂಜೆಯೇ ಹಳೆಯ ಟಿಪ್ಪಣಿ ರದ್ದಾಯಿತು. ಎರಡು ಪತ್ರಿಕೆಗಳೂ ಮುಂದುವರಿಯುತ್ತವೆ. ಕುಲಸಚಿವರನ್ನು ನೆನೆದರೆ ಪೇಪರಕ್ಕನ ಕಣ್ಣು ತುಂಬುತ್ತದೆ. “ದೊಡ್ಡ ಮನಸ್ಸು ಮಾಡಿದ್ರು,” ಎನ್ನುತ್ತಾರೆ. ಈ ಸಿಹಿಸುದ್ದಿಯೂ ಮೊದಲು ಬಂದದ್ದು ಗ್ರೂಪಿನಲ್ಲೇ. ಕಸ ಗುಡಿಸುವವಳು ಪೊರಕೆ ಹಿಡಿದೇ ಓಡಿಬಂದು ಮೊಬೈಲ್ ತೋರಿಸಿದಳು.

“ಇರು ತಾಯಿ ಅಂದೆ. ಮೇಲೆ ಹೋಗಿ, ಸಾಹೇಬ್ರ ಸಹಿ ಕಣ್ಣಾರೆ ನೋಡಿ ಬಂದೆ. ಆಮೇಲೇನೇ ಇಬ್ರೂ ಕೂತು ಖುಷಿಪಟ್ಟಿದ್ದು.”