ಬಲಕ್ಕೆ ಹೊರಳುವ ಚೆಂಡಿಗೆ ಮುನ್ನೀ ಬೀ ಕಾವಲು

ಬೆಳಗಿನ ಐದೂ ಮುಕ್ಕಾಲು. ಶಕ್ತಿನಗರದ ಹೊರಗೆ, ಜಾಲಿ ಕಂಟಿ ಸವರಿ ಹವ್ಯಾಸಿಗಳೇ ಮಾಡಿಕೊಂಡ ಪುಟ್ಟ ಗಾಲ್ಫ್ ಬಯಲಿನಲ್ಲಿ ಮುನ್ನೀ ಬೀ ಆಗಲೇ ಮೂರು ಸುತ್ತು ಹಾಕಿದ್ದಾರೆ. ಹೆಗಲಲ್ಲಿ ಚೆಂಡಿನ ಚೀಲ, ಕೈಯಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು. ಬಯಲಿನ ಬಲಬದಿಗೆ ಒಂದು ಕಾಲುದಾರಿ. ಬುತ್ತಿ ಹಿಡಿದ ಗುತ್ತಿಗೆ ಕೆಲಸದ ಹೆಂಗಸರು ವಿದ್ಯುತ್ ಸ್ಥಾವರದ ಮೊದಲ ಪಾಳಿಗೆ ಅಲ್ಲೇ ಸಾಲಾಗಿ ಬರುತ್ತಾರೆ. ಮುನ್ನೀ ಬೀ ದಾರಿ ನೋಡುತ್ತಾರೆ, ಆಡುವವರನ್ನು ನೋಡುತ್ತಾರೆ, ಮತ್ತೆ ದಾರಿ ನೋಡುತ್ತಾರೆ.

"ತಡೀರಿ! ಇನ್ನಾ ಇಬ್ರು ಹಿಂದದಾರ!"

ಹೊಡೆಯಲು ಆಟಗಾರ ಎತ್ತಿದ ಕೋಲು ಇಳಿಯುತ್ತದೆ. ಹೆಂಗಸರು ದಾಟುತ್ತಾರೆ.

ವಯಸ್ಸು ನಲವತ್ತೊಂಬತ್ತು. ಹುಟ್ಟಿದ್ದು ಮಾನ್ವಿಯ ಬಳೆ ವ್ಯಾಪಾರಿಯ ಮನೆಯಲ್ಲಿ. ಗಂಡ ಮೌಲಾಹುಸೇನ ಸೈಕಲ್ ರಿಪೇರಿ ಮಾಡುತ್ತಾರೆ. ಹದಿನೈದು ವರ್ಷದ ಹಿಂದೆ ಚೆಂಡು ಹೆಕ್ಕುವ ಕೆಲಸಕ್ಕೆ ಸೇರಿದಾಗ ಇದು ಯಾವ ಆಟ ಎಂದೂ ಮುನ್ನೀ ಬೀಗೆ ಗೊತ್ತಿರಲಿಲ್ಲ. ದಿನಕ್ಕೆ ನೂರೈವತ್ತು ಚೆಂಡು ಹೆಕ್ಕಬೇಕು. ಅಂಗೈ ತುಂಬ ಮುಳ್ಳಿನ ಗೀರು. "ನೂರೈವತ್ತರಾಗ ನಲವತ್ತು ಬಲಗಡಿ ಕಂಟ್ಯಾಗ ಸಿಗ್ತಿದ್ವು. ಅಲ್ಲೇ ಯಾಕ ಹೋಗ್ತಾವಂತ ಆಗ ಯಾರ್ನೂ ಕೇಳಿರಲಿಲ್ರಿ," ಎನ್ನುತ್ತಾರೆ, ನಿಲ್ಲದೆ ನಡೆಯುತ್ತಲೇ. ನಾನು ಓಡಿ ಓಡಿ ಬರೆದುಕೊಳ್ಳುತ್ತೇನೆ.

ಹನ್ನೊಂದು ವರ್ಷದ ಹಿಂದೆ ಒಂದು ಮುಂಜಾನೆ ನಾಲ್ವರು ಆಡುತ್ತಿದ್ದರು. ದಾರಿಯಲ್ಲಿ ಮಂದಿ ಬಂದರೆ ಕೂಗಿ ತಡೆಯುವುದೂ ಮುನ್ನೀ ಬೀಯ ಕೆಲಸವೇ ಆಗಿತ್ತು. ಆ ಗಳಿಗೆಯಲ್ಲಿ ಅವರು ಕಂಟಿಯೊಳಗೆ ಬಗ್ಗಿದ್ದರು. ಕೇಳಿದ್ದು ಒಂದು ಚೀರು. ಕಸ ಗುಡಿಸುವ ಕೆಲಸಕ್ಕೆ ಹೊರಟಿದ್ದ ಇಪ್ಪತ್ತೆರಡರ ಕಲ್ಯಾಣಿ ಮಣ್ಣಿನಲ್ಲಿ ಕುಳಿತಿದ್ದರು, ಮುಖ ಮುಚ್ಚಿದ ಬೆರಳಿನ ಸಂದಿಯಲ್ಲಿ ರಕ್ತ. ಎಡಗಣ್ಣು ಉಳಿಯಲಿಲ್ಲ. ಆಡುವವರೇ ಆಸ್ಪತ್ರೆಗೆ ಒಯ್ದರು, ಚಿಕಿತ್ಸೆ ಕೊಡಿಸಿದರು. ಆದರೆ ಹೊಡೆದದ್ದು ತಾನೆಂದು ಒಬ್ಬರೂ ಬಾಯಿ ಬಿಡಲಿಲ್ಲ. ದಾರಿಯ ಬದಿಗೆ ಬಲೆ ಕಟ್ಟಿದರು, ಎರಡೇ ಬೇಸಿಗೆಯ ಗಾಳಿಗೆ ಅದೂ ಹರಿಯಿತು.

"ಯಾರ ಚೆಂಡಂತ ಯಾರೂ ಹೇಳವಲ್ರು. ಅದಕ್ಕ ನಾಲ್ಕೂ ಮಂದೀದು ತಿದ್ದಬೇಕಾತು," ಎನ್ನುತ್ತಾರೆ ಮುನ್ನೀ ಬೀ.

ಬಲಗೈ ಆಟಗಾರ ಹೊಡೆದ ಚೆಂಡು ನೆಟ್ಟಗೆ ಹೋಗದೆ ಗಾಳಿಯಲ್ಲಿ ಬಲಕ್ಕೆ ಬಾಗಿದರೆ ಗಾಲ್ಫಿನವರು ಅದನ್ನು ಸ್ಲೈಸ್ ಎನ್ನುತ್ತಾರೆ. ಯಾರೋ ಎಸೆದಿದ್ದ ಗಾಲ್ಫ್ ಕೋಲೊಂದನ್ನು ಹಿಡಿದು, ಬಯಲು ಖಾಲಿಯಾದ ಮಧ್ಯಾಹ್ನಗಳಲ್ಲಿ ಮುನ್ನೀ ಬೀ ತಾವೇ ಹೊಡೆದು ನೋಡಿದರು. ಅವರ ಚೆಂಡೂ ಬಲಕ್ಕೇ ಹೋಯಿತು. ಹೀಗೇ ಏಳು ತಿಂಗಳು ಕಳೆಯಿತು. ನಡುವೆ ಎರಡು ಸಲ ಬಿಸಿಲಿಗೆ ತಲೆ ಸುತ್ತಿ ಬಿದ್ದರು. "ರೊಟ್ಟಿ ಬಡಿಯಾಕತ್ರೂ ಆ ಚೀರು ಕೇಳ್ತಿತ್ತು."

ಕೊನೆಗೆ ಹಿಡಿತ ಸಿಕ್ಕಿತು. "ಕೋಲು ಹಿಡದಾಗ ಎಡಗೈ ಮ್ಯಾಲಿಂದ ನೋಡ್ರಿ, ಬೆರಳಿನ ಎರಡು ಗೆಣ್ಣು ಕಾಣಬೇಕು. ಒಂದ ಕಂಡ್ರ ಕೋಲಿನ ಮಾರಿ ಬಲಕ್ಕ ತೆರಕೊಂತದ. ಇನ್ನೊಂದು, ಬಲಕ್ಕ ಹೋಗ್ತದಂತ ಮಂದಿ ಎಡಕ್ಕ ತಿರುಗಿ ನಿಂದಿರ್ತಾರ. ಆಗ ಕೋಲು ಹೊರಗಿಂದ ಒಳಕ್ಕ ಬರ್ತದ, ಚೆಂಡು ಇನ್ನಾ ಜಾಸ್ತಿ ಹೊರಳ್ತದ." ಅರಳೆ ತುಂಬಿದ ಹಳೆ ಅಂಗಿಯ ತೋಳೊಂದನ್ನು ಅವರು ಚೆಂಡಿನ ಆಚೆ ಬದಿಗೆ ಇಡುತ್ತಾರೆ. ಕೋಲು ಹೊರಗಿನಿಂದ ಬಂದರೆ ಮೊದಲು ಅದಕ್ಕೇ ಬಡಿಯುತ್ತದೆ. ತಪ್ಪು ಹೊಡೆದವನಿಗೇ ಗೊತ್ತಾಗುತ್ತದೆ.

ಕಲಿತದ್ದನ್ನು ಕೇಳುವವರು ಬೇಕಲ್ಲ? ಆ ನಾಲ್ವರಲ್ಲಿ ಹಿರಿಯರಾದ ಎಂಜಿನಿಯರ್ ಹನುಮಂತ್ರಾಯ, "ಚೆಂಡು ಹೆಕ್ಕೂದು ನಿನ್ನ ಕೆಲ್ಸ, ಕಲ್ಸಾಕ ಬರಬ್ಯಾಡ," ಎಂದು ಗದರಿದ್ದರು. ಮುನ್ನೀ ಬೀ ನಡೆದು ಹೋಗಿ ಕಾಲುದಾರಿಯ ಮೇಲೆ, ಅವರ ಚೆಂಡು ದಿನಾ ಬೀಳುವ ಜಾಗದಲ್ಲೇ ನಿಂತರು.

"ಹಂಗಾರ ನಾ ಇಲ್ಲೇ ನಿಂದಿರ್ತೀನ್ರಿ ಸಾಹೇಬ್ರ. ಹೊಡೀರಿ."

ಹನುಮಂತ್ರಾಯರ ಕೈ ಏಳಲಿಲ್ಲ. ಆಟ ಬಿಟ್ಟು ಮನೆಗೆ ಹೋದರು. ಮೂರನೆಯ ದಿನ ಬಂದು, "ನೋಡಬೇ, ಎಷ್ಟು ಗೆಣ್ಣು ಕಾಣ್ತಾವ," ಎಂದು ಎಡಗೈ ಮುಂದೆ ಚಾಚಿದರು.

ಅಲ್ಲಿಂದ ಇಲ್ಲಿಯವರೆಗೆ ಅರವತ್ತಕ್ಕೂ ಹೆಚ್ಚು ಮಂದಿಯ ಕೈ ತಿದ್ದಿದ್ದಾರೆ. ಹೊಸಬರು ಅವರಿಗೆ ತೋರಿಸದೆ ಈ ಬದಿಯಲ್ಲಿ ಆಡುವಂತಿಲ್ಲ. ನಲವತ್ತು ಬೀಳುತ್ತಿದ್ದ ಕಡೆ ಈಗ ಐದಾರು. ಆದರೂ ನೆಮ್ಮದಿಯಿಲ್ಲ. "ಐದಾರು ಅಂದ್ರ ಕಮ್ಮೇನ್ರಿ? ಆಕಿಗೆ ಬಡದಿದ್ದು ಒಂದ."

ಕಲ್ಯಾಣಿ ಈಗ ದೇವದುರ್ಗದಲ್ಲಿ ಅಂಗನವಾಡಿ ಸಹಾಯಕಿ. ಮುನ್ನೀ ಬೀ ಮೊದಲೆರಡು ಸಲ ಹೋದಾಗ ಕದ ತೆರೆಯಲಿಲ್ಲ. ಮೂರನೆಯ ಸಲ ಕರೆದು ನೀರು ಕೊಟ್ಟರು. ಈಗ ಸ್ವಂತ ಅಕ್ಕನನ್ನು ಕರೆದಂತೆ ಆಪಾ ಎನ್ನುತ್ತಾರೆ.

ನಿವೃತ್ತರಾಗಿ ಮಾನ್ವಿ ಸೇರಿದ್ದ ಹನುಮಂತ್ರಾಯ ಹೋದ ಫೆಬ್ರವರಿಯಲ್ಲಿ ಹಠಾತ್ತನೆ ಬಯಲಿಗೆ ಬಂದರು. ತಮ್ಮ ಚೆಂಡಿಗೆ ಹಸಿರು ಮಸಿಯ ಗುರುತು ಹಾಕುತ್ತಿದ್ದರಂತೆ. ಕಲ್ಯಾಣಿಗೆ ಪೆಟ್ಟಾದ ದಿನ ದಾರಿಯಲ್ಲಿ ಬಿದ್ದಿದ್ದ ಚೆಂಡಿನ ಮೇಲೆ ಆ ಗುರುತು ಕಂಡಿದ್ದರಂತೆ. ಅಷ್ಟು ಹೇಳಿ ತಲೆ ತಗ್ಗಿಸಿದರು.

"ನನಗ್ಯಾಕ ಹೇಳ್ತೀರ್ರಿ? ನಡೀರಿ ದೇವದುರ್ಗಕ್ಕ. ನಾ ಸಂಗಾಟ ಬರ್ತೀನಿ," ಎಂದು ಮುನ್ನೀ ಬೀ ಅವರನ್ನು ಅಂದೇ ಬಸ್ಸು ಹತ್ತಿಸಿದರು.

ಕಲ್ಯಾಣಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. "ಈಗರ ಚೆಂಡು ನೆಟ್ಟಗ ಹೋಗ್ತದೇನ್ರಿ?" ಎಂದರು.

"ಹೋಗ್ತದವ್ವಾ. ಈಕಿನ ತಿದ್ದಿದ್ಲು."

"ಇಲ್ಲೀತನ ಬರಾಕ ಇಷ್ಟು ವರ್ಷ ಬೇಕಾತೇನ್ರಿ?"



ಕಲ್ಯಾಣಿ ಕ್ಷಮಿಸಿದರೇ ಎಂದು ನಾನು ಕೇಳುತ್ತೇನೆ. ಮುನ್ನೀ ಬೀ ಮೊದಲ ಸಲ ನಡಿಗೆ ನಿಲ್ಲಿಸುತ್ತಾರೆ.

"ಅದನ್ನ ಆಕೀನ ಕೇಳ್ರಿ. ಆಕೀ ಕಣ್ಣು ತಿದ್ದಾಕ ನನಗ ಬರೂದಿಲ್ಲ. ಚೆಂಡು ತಿದ್ದಾಕ ಬರ್ತದ, ತಿದ್ದೀನಿ. ಹನ್ನೊಂದು ವರ್ಷಾತು, ಈ ದಾರ್ಯಾಗ ಹೋದ ಇನ್ನೊಬ್ಬ ಹೆಣ್ಮಗಳಿಗೆ ಚೆಂಡು ತಾಗಿಲ್ರಿ."