ಖುರ್ಷೀದಾ ಕೈಗೆ ಹಚ್ಚಿಸಿಕೊಂಡ ಮೆಹಂದಿ

ಗುತ್ತೂರಿನ ಹೊಲಿಗೆ ಕಾರ್ಖಾನೆಯಲ್ಲಿ ಕೈ ಎಂದರೆ ಖುರ್ಷೀದಾಳದೇ ಕೈ. ಬೇಸಿಗೆ ಬಂತೆಂದರೆ ದಾವಣಗೆರೆ, ಹರಿಹರದ ಶಾಲೆಗಳಿಗೆ ಬಿಳಿ ಅಂಗಿ ಹೊಲಿಯುವ ಕೆಲಸ ಅಲ್ಲಿ ರಾಶಿ ಬೀಳುತ್ತದೆ. ಅವಳು ತಿರುಗಿಸಿದ ಕಾಲರಿನ ಮೂಲೆ ವೀಳ್ಯದೆಲೆಯ ತುದಿಯ ಹಾಗೆ ಚೂಪು. ಅದಕ್ಕೇ ಮಾಲೀಕ ಶಿವಯೋಗಪ್ಪನವರು, ದಾವಣಗೆರೆಯ ಕಾಲೇಜಿನಿಂದ ಬೇಸಿಗೆ ತರಬೇತಿಗೆ ಬಂದ ಕೃತಿಕಾಳನ್ನು ನೇರ ಅವಳ ಮಿಷನ್ನಿನ ಮುಂದೆ ತಂದು ನಿಲ್ಲಿಸಿದರು.

"ಖುರ್ಷೀದಮ್ಮ, ಈ ಹುಡುಗಿ ನಿಮ್ಮ ಪಾಲು. ಕೊನೇಗೆ ಅವರ ಮೇಡಂ ಬಂದು ಎದುರಿಗೇ ಕೂಡ್ಸಿ ಕಾಲರು ಹೊಲಿಸ್ತಾರಂತೆ. ಹೊಲಿಯಾಕೆ ಬಂದ್ರೆ ಪಾಸು. ಇಲ್ಲಾಂದ್ರೆ ಹುಡುಗೀದು ಒಂದ್ ವರ್ಷ ಹೋದಂಗೆ."

"ಬಿಡ್ರಿ ಸಾಹುಕಾರ್ರೆ, ಹೊಲಿತಾಳೆ," ಎಂದಳು ಖುರ್ಷೀದಾ.

ಧೈರ್ಯವೇನೋ ಸರಿ. ಆದರೆ ಅವಳಿಗೊಂದು ಚಟ. ಹುಡುಗಿಯ ಹೊಲಿಗೆ ಚೂರು ಸೊಟ್ಟಗಾಯಿತೋ, "ಇತ್ತ ಕೊಡು ತಾಯಿ" ಎಂದು ಬಟ್ಟೆ ಎಳೆದುಕೊಂಡು ತಾನೇ ಮುಗಿಸಿಬಿಡುವಳು. ಕೃತಿಕಾ ಪಕ್ಕದಲ್ಲಿ ನಿಂತು ತಲೆಯಾಡಿಸುವಳು. ಹೀಗೇ ಬೇಸಿಗೆ ಸರಿಯಿತು. ಸೋಮವಾರ ಮೇಡಂ ಬರುತ್ತಾರೆಂದು ಸುದ್ದಿ ಬಂದಾಗಲೂ ಕೃತಿಕಾಳ ಕಾಲರಿನ ಮೂಲೆ ಆಲೂಗಡ್ಡೆಯಂತೆ ದುಂಡಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುವಾಗ, ಗುಂಡಿ ಹಚ್ಚುವ ಹಜೀರಾಬೀ ಕುಟುಕಿದಳು. "ಸೋಮವಾರ ಮೇಡಂ ಮುಂದೆ ಯಾರು ಕೂಡ್ತೀರೇ? ಹುಡುಗೀನೋ, ನೀನೋ? ಇಷ್ಟ್ ದಿನ ಕಲಿತಿರಾಕೆ ನೀನೇ ಅಲ್ವಾ?"

ಖುರ್ಷೀದಾ ಸಿಟ್ಟಾಗಲಿಲ್ಲ. ಲೋಟ ಕೆಳಗಿಟ್ಟು ತನ್ನ ಕೈಗಳನ್ನೇ ನೋಡಿಕೊಂಡಳು. ಇವಕ್ಕೆ ಬುದ್ಧಿ ಹೇಳಿ ಉಪಯೋಗವಿಲ್ಲ. ಭಾನುವಾರ ತಂಗಿಯ ಮಗಳು ರುಮಾನಾಳ ಮದುವೆ. ಚೀಲದಲ್ಲಿ ಮೆಹಂದಿ ಕೋನ್ ಇತ್ತು. ಅದನ್ನು ತೆಗೆದು ಹಜೀರಾಬೀಗೆ ಕೊಟ್ಟಳು.

"ಹಚ್ಚು. ಎರಡೂ ಕೈಗೆ, ಬೆರಳ ತುದೀವರೆಗೂ."

"ಈಗ್ಲೇ? ಬಿಳಿ ಬಟ್ಟೆ ಮುಟ್ಟೋದು ಹೆಂಗೆ?"

"ಮುಟ್ಟಬಾರ್ದು ಅಂತಾನೇ ಹಚ್ಚು ಅಂದಿದ್ದು."

ದುವಾ ಕೇಳುವವಳ ಹಾಗೆ ಎರಡೂ ಅಂಗೈ ಮೇಲಕ್ಕೆ ಮಾಡಿಕೊಂಡು ಅವಳು ಕೃತಿಕಾಳ ಪಕ್ಕ ಕೂತಳು. ಮೊದಲ ಮೂಲೆ ದುಂಡಗಾಯಿತು. ಖುರ್ಷೀದಾಳ ಕೈ ಮುಂದಕ್ಕೆ ಚಾಚಿ ಗಾಳಿಯಲ್ಲೇ ನಿಂತಿತು. "ಹಂಗಲ್ಲ, ಹಿಂಗೆ" ಎಂದಳು. ಕೈ ಆಡದೆ ಆ ಮಾತಿಗೆ ಅರ್ಥವೇ ಇರಲಿಲ್ಲ. ಬಾಯಲ್ಲಿ ಹೇಳಬೇಕೆಂದರೆ ಹುಡುಕಬೇಕಾಯಿತು.

"ಸೂಜಿ ಮ್ಯಾಲೆ ಎತ್ತಬ್ಯಾಡ. ಬಟ್ಟೆ ಒಳಗೇ ನಿಂತಿರ್ಲಿ. ಬೀಸೋಕಲ್ಲಿನ ನಡುವಿನ ಗೂಟ ಐತಲ್ಲ, ಅದು ಅಲ್ಲಾಡ್ತೈತಾ? ಕಲ್ಲು ತಾನೇ ತಿರುಗೋದು?"

"ನಮ್ಮನೇಲಿ ಮಿಕ್ಸಿ ಐತೆ, ಅಕ್ಕ."

ಹಜೀರಾಬೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಖುರ್ಷೀದಾ ನಗಲೂ ಇಲ್ಲ, ಅವಸರಿಸಲೂ ಇಲ್ಲ. ಕೃತಿಕಾ ಸೂಜಿಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: "ಕೈವಾರದ ಮುಳ್ಳಿನಂಗಾ ಅಕ್ಕ? ಮುಳ್ಳು ಊರಿ, ಪೆನ್ಸಿಲ್ ಸುತ್ತ ತಿರುಗ್ಸೋದು?"

ಕೈವಾರ ಹೇಗಿರುತ್ತದೋ ಖುರ್ಷೀದಾ ಕಂಡವಳಲ್ಲ. "ನಿಂಗೆ ಹೆಂಗೆ ತಿಳಿತೈತೋ ಹಂಗೇ ಇಟ್ಕ. ತಿರುಗ್ಸು."

ಹುಡುಗಿ ಸೂಜಿ ಊರಿ ಬಟ್ಟೆ ತಿರುಗಿಸಿದಳು. ಮೂಲೆ ಚೂಪಾಗಲಿಲ್ಲ, ಆದರೆ ಆಲೂಗಡ್ಡೆಯೂ ಅಲ್ಲ.

"ಬಿಚ್ಚು. ಮತ್ತೆ ಹಾಕು."

ನೋಡಿದರೆ ಕೈ ತುರಿಸುತ್ತದೆಂದು ಖುರ್ಷೀದಾ ಕಣ್ಣು ಮುಚ್ಚಿ ಮಿಷನ್ನಿನ ಸದ್ದಿಗೆ ಕಿವಿಗೊಟ್ಟಳು. "ಮೂಲೆ ಹತ್ರ ಬಂದಾಗ ಹೆದರಿ ಓಡ್ತೀಯ. ಕೇಳ್ತೈತೆ ನಂಗೆ. ನಿಧಾನ." ಮೆಹಂದಿ ಒಣಗಿ ಉದುರುವ ಹೊತ್ತಿಗೆ ಸದ್ದು ಸಮನಾಗಿತ್ತು. ಕಣ್ಣು ಬಿಟ್ಟರೆ ಕೃತಿಕಾ ಕಾಲರು ಹಿಡಿದು ನಿಂತಿದ್ದಳು. ಮೂಲೆ ಬೆರಳಿಗೆ ಚುಚ್ಚುವಂತಿತ್ತು.

ಸೋಮವಾರ ಮೇಡಂ ಹೊಸ ಬಟ್ಟೆ ಕೊಟ್ಟು ಎದುರಿಗೆ ಕೂತರು. ಮೊದಲ ಮೂಲೆ ಸಲೀಸಾಗಿ ತಿರುಗಿತು. ಎರಡನೆಯದರ ಹತ್ತಿರ ಮಿಷನ್ ಓಡತೊಡಗಿತು. ಹಿಂದೆ ನಿಂತ ಖುರ್ಷೀದಾಳ ಕೈ ತಾನಾಗಿ ಮೇಲೆದ್ದಿತು. ಇವತ್ತು ತಡೆಯಲು ಹಸಿ ಮೆಹಂದಿಯೂ ಇಲ್ಲ. ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಳು. ಅಷ್ಟರಲ್ಲಿ ಸದ್ದು ತಾನೇ ನಿಧಾನವಾಯಿತು. ಸೂಜಿ ಊರಿತು, ಬಟ್ಟೆ ತಿರುಗಿತು.

ಮೇಡಂ ಮೂಲೆಯನ್ನು ಉಗುರಲ್ಲಿ ಒತ್ತಿ ನೋಡಿ, ಕಾಗದಕ್ಕೆ ಸಹಿ ಹಾಕಿದರು.

ಸಂಜೆ ಶಿವಯೋಗಪ್ಪನವರು ಬಂದರು. "ಬರೋ ವರ್ಷ ಇನ್ನೂ ಹುಡುಗೀರನ್ನ ಕಳಿಸ್ತಾರಂತೆ. ನೀವೇ ಬೇಕಂತೆ. ಏನಂತೀರಿ?"

"ಕಳಿಸ್ಲಿ ಬಿಡ್ರಿ," ಎಂದಳು ಖುರ್ಷೀದಾ, ಕೆಂಪೇರಿದ ಅಂಗೈ ನೋಡಿಕೊಳ್ಳುತ್ತ. "ಮೆಹಂದಿ ಖರ್ಚು ಮಾತ್ರ ನಿಮ್ದು."