ಮುರುಕನ ಮೇಲ್ಸಾಲು

ಹಲ್ಲು ಮೇಸ್ತ್ರಿಯ ಕೋಣೆ ದಂತವೈದ್ಯರ ದವಾಖಾನೆಯ ಹಿಂಭಾಗದಲ್ಲಿ, ಕಕ್ಕಸಿನ ಪಕ್ಕದಲ್ಲಿತ್ತು. ಒಂದು ಕಿಟಕಿ, ಒಂದು ಬರ್ನರ್, ಮೇಣ, ಉಜ್ಜಿ ನಯಮಾಡುವ ಸಣ್ಣ ದೊಡ್ಡ ಅರಗಳು, ಕಪಾಟಿನ ತುಂಬ ಊರಿನ ಗಣ್ಯರ ಬಾಯಿಯ ಪ್ಲಾಸ್ಟರ್ ಅಚ್ಚುಗಳು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಊರಿನ ಬಣ್ಣಗೇಡೆಲ್ಲ ಆ ಕಪಾಟಿನಲ್ಲಿತ್ತು. ಮೇಸ್ತ್ರಿ ಮಾತ್ರ ಎಂದೂ ಬಾಯಿ ಬಿಟ್ಟವನಲ್ಲ. ಮೂವತ್ತು ವರ್ಷದಿಂದ ಅವನು ಹಲ್ಲು ಸೆಟ್ ಕಟ್ಟುತ್ತಿದ್ದ. ಡಾಕ್ಟರು ಅದನ್ನು ರೋಗಿಯ ಬಾಯಿಗೆ ಕೂರಿಸಿ, ಕನ್ನಡಿ ಹಿಡಿದು, “ನೋಡಿ, ನಾನೇ ಮಾಡಿದ್ದು” ಎನ್ನುತ್ತಿದ್ದರು. ಗೋಡೆಯಾಚೆ ಅದು ಅವನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಇಂಥ ಸಾಧುಪ್ರಾಣಿಯ ಮನಸ್ಸು ಗೆದ್ದವನು ಇಡೀ ಊರಲ್ಲಿ ಒಬ್ಬನೇ, ಮುರುಕ. ಅವನು ಪಂಕ್ ರಾಕ್ ಹಾಡುಗಾರ. ಪಂಕ್ ಎಂದರೆ ಗಿಟಾರಿನ ಮೂರೇ ಮಟ್ಟಿನಲ್ಲಿ ಜಗತ್ತನ್ನೆಲ್ಲ ಜಾಡಿಸುವ ವಿದ್ಯೆ. ನಾಲ್ಕನೆಯದು ಕಲಿತರೆ ಅಹಂಕಾರ ಬಂತು ಎನ್ನುತ್ತಾರೆ. ಮುಂದಿನ ಹಲ್ಲೊಂದು ಅರ್ಧ ಮುರಿದಿದ್ದರಿಂದ ಅವನಿಗೆ ಆ ಹೆಸರು. ಲಾಠಿ ಏಟಿಗೆ ಮುರಿದದ್ದು ಎಂದು ಅಭಿಮಾನಿಗಳು ನಂಬಿದ್ದರು. ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಮುರಿದದ್ದೆಂದು ಮೇಸ್ತ್ರಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಗುಟ್ಟೆಂದರೆ, ನಲವತ್ತು ತುಂಬುವಷ್ಟರಲ್ಲಿ ಮುರುಕನ ಮೇಲ್ಸಾಲಿನ ಹಲ್ಲುಗಳೆಲ್ಲ ಉದುರಿಹೋಗಿದ್ದವು. ಆಮೇಲೆ ಊರು ಕಂಡ ಮುರುಕು ಹಲ್ಲು ಮೇಸ್ತ್ರಿಯ ಕೈಕೆಲಸ.

ಮೊದಲ ಸಲ ಮೇಸ್ತ್ರಿ ಅಚ್ಚುಕಟ್ಟಾದ ಪೂರ್ತಿ ಸಾಲನ್ನೇ ಮಾಡಿಟ್ಟಿದ್ದ. ಯಾರೂ ನೋಡಬಾರದೆಂದು ಹಿತ್ತಿಲ ಬಾಗಿಲಿಂದ ಬಂದ ಮುರುಕ ಅದನ್ನು ತಾನೇ ಬಾಯಿಗೆ ಸಿಕ್ಕಿಸಿಕೊಂಡು, ಕನ್ನಡಿ ನೋಡಿ, ತೆಗೆದು ಮೇಜಿನ ಮೇಲೆ ಬಿಸಾಡಿದ.

“ಏನಯ್ಯಾ ಇದು, ಬ್ಯಾಂಕ್ ಮ್ಯಾನೇಜರ್ ಬಾಯಿ! ಮುರಿ ಅದನ್ನ.”

ಕಟ್ಟುವುದಕ್ಕಿಂತ ಮುರಿಯುವುದೇ ಕಷ್ಟವಾಯಿತು. ನಾಲಿಗೆ ಕೊಯ್ಯಬಾರದು, ಆದರೆ ಹಾಡುವಾಗ ಮುರುಕು ಹಲ್ಲಿನ ಸಂದಿಯ ಹಳೆಯ ಸಿಳ್ಳೆ ಹೊರಡಬೇಕು. ಮೂರು ದಿನ ಉಜ್ಜಿ, ಹಾಡಿಸಿ, ಮತ್ತೆ ಉಜ್ಜಿ ಮೇಸ್ತ್ರಿ ಆ ಸಿಳ್ಳೆಯನ್ನು ಶ್ರುತಿಗೆ ತಂದ. ಮುಂದೆ ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಅದನ್ನು ‘ಗಾಯಗೊಂಡ ಪೀಳಿಗೆಯ ಉಸಿರು’ ಎಂದು ಬರೆದರು. ಮೇಸ್ತ್ರಿ ಆ ತುಂಡನ್ನು ಕತ್ತರಿಸಿ ಅರಗಳ ಡಬ್ಬದಲ್ಲಿ ಇಟ್ಟುಕೊಂಡ.

ಮುರುಕ ಒಳ್ಳೆಯವನಾಗಿದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಂಡತಿ, ಮಗಳನ್ನು ಬಿಟ್ಟುಹೋದ. ಮಗುವನ್ನು ಸಾಕಿದ್ದು ಅವನ ಅಕ್ಕ. ಡ್ರಮ್ ಬಾರಿಸುವವನ ಕಪಾಳಕ್ಕೆ ವೇದಿಕೆಯ ಮೇಲೇ ಬಿಗಿದ. ಒಂದು ಸೆಟ್ಟನ್ನು ಕುಡಿದ ಅಮಲಿನಲ್ಲಿ ಕಕ್ಕಸಿಗೆ ಹಾಕಿ ನೀರು ಬಿಟ್ಟ. ಮೇಸ್ತ್ರಿಯ ಮಗಳ ಮದುವೆಯಲ್ಲಿ ಹಾಡುತ್ತೇನೆಂದು ಮಾತು ಕೊಟ್ಟು ಬರಲಿಲ್ಲ. ನೆಂಟರೆಲ್ಲ ಬಾಗಿಲು ನೋಡುತ್ತಿದ್ದರೆ ಮೇಸ್ತ್ರಿ ನೆಲ ನೋಡುತ್ತಿದ್ದ. ಇದೆಲ್ಲ ಸಾಲದೆಂಬಂತೆ ಒಮ್ಮೆ ರೇಡಿಯೊದಲ್ಲಿ, “ನನ್ನ ಹಲ್ಲು ಹುಟ್ಟಿನಿಂದ ನನ್ನದೇ. ಕಟ್ಟಿಸಿದ ಹಲ್ಲಿನವರ ಮಾತನ್ನ ನಂಬಬೇಡಿ” ಎಂದುಬಿಟ್ಟ. ಆ ಹೊತ್ತಿಗೆ ಮೇಸ್ತ್ರಿ ಅವನದೇ ನಾಲ್ಕನೆಯ ಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದ.

“ರೀ, ಇಂಥವನಿಗೂ ಹಲ್ಲು ಮಾಡಿಕೊಡ್ತೀರಲ್ಲ, ನಿಮಗೆ ಮಾನ ಮರ್ಯಾದೆ ಬೇಡ್ವಾ?” ಎಂದಳು ಹೆಂಡತಿ.

“ಕೆಟ್ಟವನೇ ಕಣೇ. ಆದ್ರೆ ಆ ಹಾಡು ನನಗೆ ಒಳ್ಳೇದು ಮಾಡಿದೆ.”

‘ಕೈ ಯಾರದು, ಹೆಸರು ಯಾರದು’ ಎನ್ನುವ ಹಾಡದು. ಮುರುಕ ಯಾರನ್ನು ನೆನೆದು ಬರೆದನೋ, ಮೇಸ್ತ್ರಿಗಂತೂ ತನಗೇ ಬರೆದಂತೆ ಅನ್ನಿಸಿತ್ತು. ಅದನ್ನು ಕೇಳಿದ ಮರುದಿನದಿಂದ ತಾನು ಕಟ್ಟಿದ ಪ್ರತಿ ಸೆಟ್ಟಿನ ಒಳಮೈಯಲ್ಲಿ ಸಾಸಿವೆಯಷ್ಟು ಚಿಕ್ಕ ಅರದ ಚಿತ್ರ ಕೊರೆಯತೊಡಗಿದ. ಕಾಲೇಜಿನ ಪ್ರಿನ್ಸಿಪಾಲರು, ಊರಿನ ದೊಡ್ಡ ವಕೀಲರು, ಡಾಕ್ಟರ ಸ್ವಂತ ಅತ್ತೆ, ಎಲ್ಲರೂ ಅವನ ಗುರುತನ್ನು ಬಾಯಲ್ಲಿಟ್ಟುಕೊಂಡೇ ಉಣ್ಣುತ್ತಿದ್ದರು. ಅವನ ಬದುಕಿನ ಏಕೈಕ ಬಂಡಾಯ ಅದು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬಂಡೆದ್ದಿದ್ದರಿಂದ ಅಪಾಯವೂ ಇರಲಿಲ್ಲ. ಅದಕ್ಕೇ ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಮುರುಕ ಸತ್ತ. ಲಿವರ್ ಕೈಕೊಟ್ಟಿತ್ತು. ಸತ್ತೆಮ್ಮೆಗೆ ಹಾಲು ಹೆಚ್ಚು. ಅವನ ಕಾರ್ಯಕ್ರಮದ ಮೈಕಿನ ತಂತಿ ಕೀಳಿಸಿದ ಪುರಸಭೆಯವರೇ ಅಂತಿಮ ದರ್ಶನಕ್ಕೆ ಸಭಾಂಗಣ ಬಿಟ್ಟುಕೊಟ್ಟರು. ಅವನ ಹಾಡು ಬಂದರೆ ರೇಡಿಯೊದ ಕಿವಿ ಹಿಂಡುತ್ತಿದ್ದ ಡಾಕ್ಟರು ಸ್ಮರಣಾ ಸಮಿತಿಯ ಅಧ್ಯಕ್ಷರಾದರು. ಅಧ್ಯಕ್ಷರು ಮಧ್ಯಾಹ್ನ ಮುರುಕನ ಅಕ್ಕನನ್ನು ಹಿಂದಿನ ಕೋಣೆಗೆ ಕರೆತಂದರು. ಆಕೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೈಯಲ್ಲಿದ್ದ ಕರವಸ್ತ್ರದಲ್ಲಿ ತಮ್ಮನ ಕೊನೆಯ ಸೆಟ್ ಇತ್ತು.

“ಮೇಸ್ತ್ರಿ, ನಾಳೆ ಹತ್ತು ಗಂಟೆಯೊಳಗೆ ಪೂರ್ತಿ ಸಾಲು ಬೇಕು. ಮುರುಕು ಬೇಡ” ಎಂದರು ಡಾಕ್ಟರು.

ಮೇಸ್ತ್ರಿ ಅಕ್ಕನ ಮುಖ ನೋಡಿದ. “ಅಮ್ಮಾ, ಜನ ಅವರನ್ನ ಹೀಗೇ ನೋಡಿದ್ದಾರೆ...”

“ಹಾಡು ಕೇಳಿದವರು ನೀವು, ಮೇಸ್ತ್ರಿಗಳೇ. ವಾಂತಿ ಬಳಿದವಳು ನಾನು. ನಾಳೆ ಒಂದು ದಿನ ಅವನು ಒಳ್ಳೇ ಮನೆ ಹುಡುಗನ ಹಾಗೆ ಕಾಣಲಿ.”

ಆ ಮಾತಿಗೆ ಎದುರಾಡುವ ಹಕ್ಕು ಯಾರಿಗೂ ಇರಲಿಲ್ಲ. ಮೇಸ್ತ್ರಿ ಕಪಾಟಿನಿಂದ ಮುರುಕನ ಹಳೆಯ ಅಚ್ಚು ಇಳಿಸಿ ಪೂರ್ತಿ ಸಾಲು ಕಟ್ಟಿದ. ಕೆಲಸದಲ್ಲಿ ಎಳ್ಳಷ್ಟೂ ಕುಂದು ಇರಲಿಲ್ಲ. ಅದೊಂದಕ್ಕೆ ಮಾತ್ರ ಗುರುತು ಕೊರೆಯಲಿಲ್ಲ. ಹಳೆಯ ಸೆಟ್ಟನ್ನು ಯಾರೂ ಕೇಳಲಿಲ್ಲ. ಅದು ಅವನ ಅಂಗಿಯ ಜೇಬು ಸೇರಿತು.

ಮರುದಿನ ಸಭಾಂಗಣದ ಪಕ್ಕದ ಕೋಣೆಯಲ್ಲಿ ಡಾಕ್ಟರು ಹೊಸ ಸಾಲು ಕೂರಿಸಿದರು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದ. ಬದುಕಿದ್ದಾಗ ಬಾಯಿ ಮುಚ್ಚದವನು ಸತ್ತ ಮೇಲೆ ಮುಚ್ಚಿಯಾನೇ? ತುಟಿ ಕೂಡದೆ ಹಲ್ಲೆಲ್ಲ ಕಾಣುತ್ತಿತ್ತು. ಸಹಕಾರ ಸಂಘದ ಚುನಾವಣೆಗೆ ನಿಂತವನ ಮುಖ.

ಅಕ್ಕ ತುಂಬ ಹೊತ್ತು ನೋಡಿದರು. “ಯಾರಿದು?”

“ಎಷ್ಟು ಲಕ್ಷಣವಾಗಿದೆ ನೋಡಿ ಮೇಡಂ. ನಾನೇ ಮಾಡಿದ್ದು.”

“ಲಕ್ಷಣವಾಗಿದೆ. ಆದ್ರೆ ನನ್ನ ತಮ್ಮ ಅಲ್ಲ.” ಆಕೆಯ ದನಿ ಒಡೆಯಿತು. “ಜೀವನಪೂರ್ತಿ ಬೈದಿದ್ದೀನಿ ಅವನಿಗೆ. ಇವನಿಗೆ ಬೈಯೋಕೆ ನನಗೆ ಬಾಯೇ ಬರ್ತಿಲ್ಲ.”

ಮೇಸ್ತ್ರಿ ಜೇಬಿನಿಂದ ಹಳೆಯ ಸೆಟ್ ತೆಗೆದುಕೊಟ್ಟ. ಅಕ್ಕ ಅದನ್ನು ಮಕ್ಕಳ ಕಾಪಿ ಪುಸ್ತಕ ತಿದ್ದುವವರಂತೆ ತಿರುಗಿಸಿ ಮುರುಗಿಸಿ ನೋಡಿದರು. “ಇಲ್ಲೇನೋ ಗೀಚಿದೆಯಲ್ಲ?”

“ಫ್ಯಾಕ್ಟರಿ ಗುರುತು ಇರಬೇಕು” ಎಂದರು ಡಾಕ್ಟರು.

ಹೊರಗೆ ಹುಡುಗರು ‘ಕೈ ಯಾರದು’ ಹಾಡನ್ನು ಶ್ರುತಿ ತಪ್ಪಿ ಅರಚುತ್ತಿದ್ದರು. ಮೇಸ್ತ್ರಿ ಆ ಗೀಚಿನ ಮೇಲೆ ಬೆರಳಿಟ್ಟ.

“ಫ್ಯಾಕ್ಟರಿ ಅಲ್ಲ ಅಮ್ಮಾ. ನನ್ನ ಗುರುತು. ನಾನು ಮಾಡಿದ್ದು.” ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಗಿಯೇ ಬಂತು. “ಇದೊಂದೇ ಅಲ್ಲ. ಮೂವತ್ತು ವರ್ಷದಿಂದ ಎಲ್ಲಾ ನಾನೇ ಮಾಡಿದ್ದು. ನಿಮ್ಮ ಅತ್ತೆಯವರದ್ದೂ, ಡಾಕ್ಟ್ರೇ.”

ಕಪಾಟಿನ ಅಚ್ಚೊಂದು ಮಾತಾಡಿದಂತೆ ಡಾಕ್ಟರು ಅವನನ್ನೇ ನೋಡಿದರು. ಅಕ್ಕ ಸೆಟ್ಟನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟರು.

“ಹಾಗಾದ್ರೆ ನೀವೇ ಹಾಕಿ.”

ಮೇಸ್ತ್ರಿ ಕೈ ತೊಳೆದುಕೊಂಡು ಬಂದು ಹೊಸ ಸಾಲನ್ನು ತೆಗೆದ. ತಾನು ಕಟ್ಟಿದ ಹಲ್ಲನ್ನು ತಾನೇ ಒಬ್ಬರ ಬಾಯಿಗೆ ಕೂರಿಸಿದ್ದು ಅವನಿಗೆ ಅದೇ ಮೊದಲು. ಕಣ್ಣು ತುಂಬಿತು, ಆದರೂ ಮುರುಕು ಸಾಲು ಸರಿಯಾಗಿಯೇ ಕೂತಿತು. ಮುರುಕ ಥ್ಯಾಂಕ್ಸ್ ಹೇಳಲಿಲ್ಲ. ಬದುಕಿದ್ದಾಗಲೂ ಹೇಳಿದವನಲ್ಲ.